ಗೆರಟೆಯಲ್ಲಿ ಬಡಿಸಿದ ಗಂಜಿ: ವೃದ್ಧರ ಕುರಿತ ಜನಪದ ಕಥೆಗಳ ಮನಶ್ಶಾಸ್ತ್ರೀಯ ಅರ್ಥ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಅಧ್ಯಾಪಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕರಾವಳಿಯ ಮನೆಗಳಲ್ಲಿ ಕೇಳಿಬರುವ ಒಂದು ಕಥೆ ಎಲ್ಲರಿಗೂ ಪರಿಚಿತವಾದುದೇ. ಮುಪ್ಪಿನಿಂದ ಕೈ ನಡುಗುವ ತಂದೆಯೊಬ್ಬನು ಉಣ್ಣುವಾಗ ಬಟ್ಟಲನ್ನು ಕೆಡವಿ ಒಡೆಯುತ್ತಾನೆ. ಮಗನೂ ಸೊಸೆಯೂ ಅವನನ್ನು ಒಳಗಿನ ಪಂಕ್ತಿಯಿಂದ ಎಬ್ಬಿಸಿ ಹೊರಗಿನ ಜಗಲಿಯ ಮೂಲೆಗೆ ಕಳುಹಿಸುತ್ತಾರೆ. ತೆಂಗಿನ ಗೆರಟೆಯಲ್ಲಿ ಗಂಜಿ ಬಡಿಸತೊಡಗುತ್ತಾರೆ. ಕೆಲವು ದಿನಗಳ ಬಳಿಕ ಮನೆಯ ಪುಟ್ಟ ಹುಡುಗನು ಅಂಗಳದಲ್ಲಿ ಕುಳಿತು ಇನ್ನೊಂದು ಗೆರಟೆಯನ್ನು ಕಲ್ಲಿಗೆ ಉಜ್ಜಿ ನಯಗೊಳಿಸುತ್ತಿರುವುದು ತಂದೆಯ ಕಣ್ಣಿಗೆ ಬೀಳುತ್ತದೆ. ಇದೇಕೆಂದು ಕೇಳಿದರೆ, "ಅಪ್ಪಾ, ನೀನು ಅಜ್ಜನಾದಾಗ ನಿನಗೆ ಬೇಕಲ್ಲ" ಎಂಬ ಉತ್ತರ ಬರುತ್ತದೆ. ಆ ರಾತ್ರಿಯೇ ಅಜ್ಜನು ಒಳಗಿನ ಪಂಕ್ತಿಗೆ ಮರಳುತ್ತಾನೆ.

ಈ ಕಥೆ ಕರಾವಳಿಗೆ ಮಾತ್ರ ಸೇರಿದುದಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಗೆರಟೆಯ ಸ್ಥಾನದಲ್ಲಿ ಮರದ ಬೋಗುಣಿಯಿದೆ. ರಷ್ಯದ ಟಾಲ್‌ಸ್ಟಾಯ್ ಮಕ್ಕಳಿಗಾಗಿ 1872ರಲ್ಲಿ ಸಿದ್ಧಪಡಿಸಿದ ಓದುಪುಸ್ತಕದಲ್ಲಿ ಅದನ್ನೇ ಮತ್ತೊಮ್ಮೆ ಹೇಳಿದನು. ನೇಪಾಳದಲ್ಲಿ ಅದು ಬೆನ್ನಿಗೆ ಹೊರುವ ಬುಟ್ಟಿಯ ಕಥೆ. ಮುದುಕನನ್ನು ಬಿಟ್ಟು ಬರುವಾಗ ಬುಟ್ಟಿಯನ್ನು ಮರೆಯದೆ ತರಬೇಕೆಂದು ಮೊಮ್ಮಗನು ನೆನಪಿಸುತ್ತಾನೆ. ಇವೆಲ್ಲಕ್ಕಿಂತ ಪ್ರಾಚೀನವಾದ ಪಾಲಿ ಜಾತಕಗಳಲ್ಲಿ 446ನೆಯದಾದ ತಕ್ಕಲ ಜಾತಕವು ಇನ್ನೂ ಕಠೋರವಾದುದು. ಅಲ್ಲಿ ಮಗನು ತನ್ನ ವೃದ್ಧ ತಂದೆಯನ್ನು ಬಂಡಿಯಲ್ಲಿ ಸ್ಮಶಾನಕ್ಕೆ ಕರೆದೊಯ್ದು ಹೂಳಲೆಂದು ಗುಂಡಿ ತೋಡುತ್ತಾನೆ. ಜತೆಗೆ ಬಂದ ಏಳು ವರ್ಷದ ಬಾಲಕನು ಪಕ್ಕದಲ್ಲೇ ಇನ್ನೊಂದು ಗುಂಡಿಯನ್ನು ತೋಡತೊಡಗುತ್ತಾನೆ.

ಇದೇ ಕುಲಕ್ಕೆ ಸೇರಿದ ಇನ್ನೊಂದು ಕಥೆಯೂ ಲೋಕದ ತುಂಬ ಸಂಚರಿಸಿದೆ. ಒಂದಾನೊಂದು ದೇಶದಲ್ಲಿ ಮುದುಕರೆಲ್ಲರನ್ನೂ ಬೆಟ್ಟಕ್ಕೊಯ್ದು ಬಿಡಬೇಕೆಂಬ ರಾಜಾಜ್ಞೆ ಇರುತ್ತದೆ. ಒಬ್ಬ ಮಗನು ಮಾತ್ರ ಮನಸ್ಸಾಗದೆ ತಂದೆಯನ್ನು ಮನೆಯೊಳಗೆ ಬಚ್ಚಿಡುತ್ತಾನೆ. ಮುಂದೆ ರಾಜ್ಯಕ್ಕೆ ಸಂಕಟ ಬಂದಾಗ, ಯಾರಿಂದಲೂ ಬಿಡಿಸಲಾಗದ ಒಗಟನ್ನು ಬಚ್ಚಿಟ್ಟ ಮುದುಕನೇ ಬಿಡಿಸುತ್ತಾನೆ. ಭಾರತದ ಹಲವೆಡೆ ಇದು ಮದುವೆಯ ದಿಬ್ಬಣದ ಕಥೆಯಾಗಿದೆ: ದಿಬ್ಬಣದಲ್ಲಿ ಮುದುಕರು ಇರಬಾರದೆಂದು ಹೆಣ್ಣಿನ ಕಡೆಯವರು ನಿಯಮ ಹಾಕುತ್ತಾರೆ, ಪೆಟ್ಟಿಗೆಯಲ್ಲಿ ಅಡಗಿಸಿ ತಂದ ಅಜ್ಜನೊಬ್ಬನು ಮಾನ ಉಳಿಸುತ್ತಾನೆ. ಜಪಾನಿನಲ್ಲಿ ಮುದುಕಿಯನ್ನು ಬಿಟ್ಟುಬರುವ ಬೆಟ್ಟಕ್ಕೆ ಒಬಸುತೆಯಾಮ ಎಂಬ ಹೆಸರೇ ಇದೆ. ಫುಕಾಜಾವಾ ಎಂಬ ಲೇಖಕನು 1956ರಲ್ಲಿ ಈ ಐತಿಹ್ಯವನ್ನು ಆಧರಿಸಿ ಬರೆದ ನರಯಾಮದ ಕಥೆ ಎರಡು ಬಾರಿ ಚಲನಚಿತ್ರವಾಯಿತು; 1983ರ ಚಿತ್ರಕ್ಕೆ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ದೊರಕಿತು. ಸ್ವೀಡನ್ನಿನಲ್ಲಿ ವೃದ್ಧರು ಹಾರಿ ಪ್ರಾಣ ಬಿಡುತ್ತಿದ್ದರೆನ್ನಲಾಗುವ ಕಡಿದಾದ ಬಂಡೆಗಳನ್ನು ಇಂದಿಗೂ ಪ್ರವಾಸಿಗಳಿಗೆ ತೋರಿಸುತ್ತಾರೆ.

ಹಾಗಾದರೆ ಜನರು ನಿಜವಾಗಿ ಹೀಗೆ ಮಾಡುತ್ತಿದ್ದರೇ? ಸ್ವೀಡನ್ನಿನ ಬಂಡೆಗಳ ಮಾತನ್ನು ಶೋಧಿಸಿದ ವಿದ್ವಾಂಸರು ಅದರ ಮೂಲವನ್ನು ಒಂದು ಹಳೆಯ ಐಸ್‌ಲೆಂಡಿಕ್ ಕಥನದಲ್ಲಿ ಕಂಡರು. ಆ ಕಥನವಾದರೋ ಜಿಪುಣ ಕುಟುಂಬವೊಂದನ್ನು ಗೇಲಿ ಮಾಡಲು ಬರೆದುದು. ಜಪಾನಿನ ಬೆಟ್ಟದ ವಿಷಯದಲ್ಲಿಯೂ ಅದೊಂದು ರೂಢಿಯಾಗಿತ್ತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಎಲ್ಲವೂ ಕಲ್ಪನೆಯೆಂದು ನಿಶ್ಚಿಂತರಾಗುವಂತಿಲ್ಲ. ತಮಿಳುನಾಡಿನ ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ, ವಿಶೇಷವಾಗಿ ವಿರುದುನಗರದ ಆಸುಪಾಸಿನಲ್ಲಿ, ಹಾಸಿಗೆ ಹಿಡಿದ ವೃದ್ಧರಿಗೆ ನಸುಕಿನಲ್ಲಿ ಎಣ್ಣೆಸ್ನಾನ ಮಾಡಿಸಿ ಎಳನೀರು ಕುಡಿಸಿ ಸಾವನ್ನು ಬರಿಸುವ 'ತಲೈಕೂತಲ್' ಎಂಬ ಪದ್ಧತಿಯನ್ನು ಪತ್ರಿಕೆಗಳು 2010ರ ಸುಮಾರಿಗೆ ಬಯಲಿಗೆ ತಂದವು. ಅಲ್ಲಿ ಬಡತನವಿತ್ತು, ದುಡಿಯುವ ಕೈಗಳು ಕೂಲಿಗಾಗಿ ಹೊರಗೆ ಹೋಗಬೇಕಾಗಿತ್ತು. ಅದು ಕೊಲೆಯಲ್ಲ, ಬಿಡುಗಡೆ ಎಂಬ ಸಮಾಧಾನವೂ ಜತೆಗಿತ್ತು. ಗಮನಿಸತಕ್ಕ ಅಂಶವೆಂದರೆ, ನಿಜವಾಗಿ ನಡೆದಲ್ಲಿ ಅದನ್ನು ಪಿಸುಮಾತಿನಲ್ಲಿ ಮುಚ್ಚಿಡುತ್ತಾರೆ. ಕಥೆಯಾಗಿ ಎಲ್ಲರೆದುರು ಹೇಳುವವರು ಅದನ್ನು ಮಾಡದವರೇ.

ಮಾಡದವರು ಏಕೆ ಹೇಳುತ್ತಾರೆ? ಮನಶ್ಶಾಸ್ತ್ರದ ಪ್ರವೇಶವಾಗುವುದು ಇಲ್ಲಿ. ಈ ಕಥೆಗಳು ಯಾವಾಗಲೂ ಹಿಂದಿನ ಕಾಲದಲ್ಲಿ, ಬೇರೊಂದು ದೇಶದಲ್ಲಿ ನಡೆಯುತ್ತವೆ. ಆ ಪದ್ಧತಿ ಹೇಗೆ ನಿಂತಿತೆಂಬುದರೊಂದಿಗೆ ಮುಗಿಯುತ್ತವೆ. ಅಂದರೆ ಕಥೆಯು ಒಂದು ಆಚಾರದ ಇತಿಹಾಸವಲ್ಲ, ಒಂದು ಆಲೋಚನೆಯ ಇತಿಹಾಸ. ರಾತ್ರಿಯಿಡೀ ಕೆಮ್ಮುವ ತಂದೆಯ ಬಳಿ ಮೂರನೆಯ ಬಾರಿ ಎದ್ದು ಹೋಗುವ ಮಗನ ಮನಸ್ಸಿನಲ್ಲಿ, 'ಇದು ಬೇಗ ಮುಗಿದಿದ್ದರೆ' ಎಂಬ ಎಣಿಕೆ ಒಮ್ಮೆ ಹೊಳೆಯದಿರದು. ಹೊಳೆದ ಕ್ಷಣದಲ್ಲೇ ಅವನು ಅದಕ್ಕಾಗಿ ನಾಚುತ್ತಾನೆ. ಯಾರೊಡನೆಯೂ ಹೇಳಿಕೊಳ್ಳಲಾಗದ ಆ ಎಣಿಕೆಯನ್ನು ಸಮುದಾಯವು ದೂರದ ರಾಜನ ತಲೆಗೆ ಕಟ್ಟಿ, ಬೆಟ್ಟದ ಮೇಲಕ್ಕೆ ಸಾಗಿಸಿ, ಅಲ್ಲಿಂದ ಮೊಮ್ಮಗನ ಮಾತಿನ ಮೂಲಕ ಮನೆಗೆ ಮರಳಿಸುತ್ತದೆ. ಕಥೆಯನ್ನು ಕೇಳಿದವನು ತನ್ನ ಮನಸ್ಸಿನ ಕೆಟ್ಟ ಆಲೋಚನೆಯನ್ನು ಒಮ್ಮೆ ಕಣ್ಣಾರೆ ಕಂಡು, ಕೈಗೆ ಮಾತ್ರ ಅಂಟಿಸಿಕೊಳ್ಳದೆ ಎದ್ದು ಹೋಗುತ್ತಾನೆ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ವೃದ್ಧರ ಬಗೆಗಿನ ತಾತ್ಸಾರಕ್ಕೆ 1969ರಲ್ಲಿ ಪ್ರತ್ಯೇಕವಾದ ಹೆಸರನ್ನಿತ್ತಾಗ, ಅದರ ಬೇರಿನಲ್ಲಿ ಯುವಕರಿಗೆ ತಮ್ಮದೇ ಮುಪ್ಪಿನ, ರೋಗದ, ಸಾವಿನ ಕುರಿತಿರುವ ಭಯವನ್ನು ಕಂಡನು. ಜನಪದರು ಆ ಭಯವನ್ನು ಗೆರಟೆಯೆಂಬ ಒಂದೇ ವಸ್ತುವಿನಲ್ಲಿ ಹಿಡಿದಿಟ್ಟಿದ್ದಾರೆ.

ಕನ್ನಡದ ಗಾದೆಯು ಈ ಬೆಟ್ಟದ ಕಥೆಯನ್ನು ಇನ್ನೂ ಸಂಕ್ಷೇಪಿಸಿದೆ: ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ. ಹೇಳುವವರು ಹೆಚ್ಚಾಗಿ ಮುದುಕರೇ, ನಗುತ್ತಲೇ ಹೇಳುತ್ತಾರೆ. ಊರು 'ಹೋಗು' ಎನ್ನುವುದು ಅವರ ಕಿವಿಗೆ ಬಿದ್ದಿದೆ ಎಂಬುದನ್ನು ಆ ನಗು ಮರೆಮಾಡುತ್ತದೆ. ಶಾಸ್ತ್ರವು ಇದನ್ನೇ ವಾನಪ್ರಸ್ಥವೆಂದು ಗೌರವಿಸಿತು. ಆದರೆ ವಾನಪ್ರಸ್ಥಕ್ಕೆ ಹೊರಟವರು ತಾವಾಗಿ ಹೊರಟರೋ, ಹೊರಡುವಂತೆ ಮಾಡಲ್ಪಟ್ಟರೋ ಎಂಬ ಪ್ರಶ್ನೆಯನ್ನು ಮಹಾಭಾರತವು ಮುಚ್ಚುಮರೆಯಿಲ್ಲದೆ ಎತ್ತಿದೆ. ಯುದ್ಧಾನಂತರ ಧೃತರಾಷ್ಟ್ರನು ಯುಧಿಷ್ಠಿರನ ಆಶ್ರಯದಲ್ಲಿ ಹದಿನೈದು ವರ್ಷ ಕಳೆಯುತ್ತಾನೆ. ಧರ್ಮರಾಯನು ಏನೂ ಕೊರತೆ ಮಾಡುವುದಿಲ್ಲ. ಭೀಮನು ಮಾತ್ರ ಅಣ್ಣನಿಗೆ ತಿಳಿಯದಂತೆ, ಆದರೆ ಕುರುಡನಿಗೆ ಕೇಳಿಸುವಂತೆ, ಭುಜ ತಟ್ಟಿ ಕೌರವರನ್ನು ಕೊಂದ ತೋಳುಗಳನ್ನು ಹೊಗಳಿಕೊಳ್ಳುತ್ತಾನೆ. ಆ ಚುಚ್ಚುಮಾತನ್ನು ಸಹಿಸಲಾರದೆ ವೃದ್ಧನು ಕಾಡಿಗೆ ಹೊರಡುತ್ತಾನೆ. ಗಾಂಧಾರಿಯೂ ಕುಂತಿಯೂ ಅವನೊಂದಿಗೆ ನಡೆಯುತ್ತಾರೆ. ಕೊನೆಗೆ ಮೂವರೂ ಕಾಳ್ಗಿಚ್ಚಿನಲ್ಲಿ ಬೇಯುತ್ತಾರೆ. ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿದುದರಿಂದ ಕನ್ನಡದ ಓದುಗರಿಗೆ ಆಶ್ರಮವಾಸಿಕ ಪರ್ವವು ಅಷ್ಟಾಗಿ ಪರಿಚಯವಿಲ್ಲ. ತಿಮ್ಮಣ್ಣ ಕವಿಯ ಕೃಷ್ಣರಾಯ ಭಾರತದವರೆಗೆ ಹೋಗುವವರು ವಿರಳ. ಇದು ನಷ್ಟವೇ ಸರಿ. ಅನ್ನ, ವಸ್ತ್ರ, ಮಂಚ ಯಾವುದಕ್ಕೂ ಕೊರತೆಯಿಲ್ಲದ ಮನೆಯಿಂದಲೂ ಮುದುಕನೊಬ್ಬನನ್ನು ಕೇವಲ ಮಾತಿನಿಂದ ಹೊರಹಾಕಬಹುದೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಹೇಳಿದ ಪ್ರಸಂಗ ಇನ್ನೊಂದಿಲ್ಲ.

ಮತ್ತೆ ಗೆರಟೆಯ ಕಥೆಗೆ ಬಂದರೆ, ತಿದ್ದುವವನು ಮಗುವೇ ಆಗಿರುವುದು ಆಕಸ್ಮಿಕವಲ್ಲ. ಆ ಮಗುವಿಗೆ ತಂದೆಯನ್ನು ತಿದ್ದುವ ಉದ್ದೇಶವೇ ಇಲ್ಲ. ಅದು ಕಂಡುದನ್ನು ಕಲಿತಿದೆ, ಅಷ್ಟೆ. ಮಕ್ಕಳು ಉಪದೇಶವಿಲ್ಲದೆಯೇ, ದೊಡ್ಡವರ ವರ್ತನೆಯನ್ನು ನೋಡಿಯೇ ಅನುಕರಿಸುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞ ಬಂಡೂರ ಗಾಳಿ ತುಂಬಿದ ಗೊಂಬೆಯನ್ನು ಬಳಸಿ 1961ರಲ್ಲಿ ನಡೆಸಿದ ಪ್ರಯೋಗಗಳಿಂದ ತೋರಿಸಿದನು. ಕಥೆಗಾರರು ಅದನ್ನು ಪ್ರಯೋಗಶಾಲೆಯಿಲ್ಲದೆ ಬಲ್ಲರು. ಆದರೂ ತರಗತಿಯಲ್ಲಿ ಈ ಕಥೆಯನ್ನು ಹೇಳುವ ಅಧ್ಯಾಪಕರು ಒಂದು ತೊಡಕನ್ನು ಗಮನಿಸಬೇಕು. ತಂದೆ ಬದಲಾದುದು ಅಜ್ಜನ ನೋವನ್ನು ಕಂಡಲ್ಲ. ತನ್ನ ನಾಳೆಯನ್ನು ಕಂಡು. ಅಜ್ಜನ ಕಣ್ಣೀರು ಎಷ್ಟು ದಿನ ಗೆರಟೆಗೆ ಬಿದ್ದಿತ್ತೋ ಅಷ್ಟು ದಿನವೂ ಅದು ಯಾರನ್ನೂ ಕದಲಿಸಲಿಲ್ಲ. ಮಕ್ಕಳ ನೀತಿಪ್ರಜ್ಞೆಯನ್ನು ಅಭ್ಯಸಿಸಿದ ಪಿಯಾಜೆ 1932ರ ಗ್ರಂಥದಲ್ಲಿ, ತಪ್ಪಿಗೆ ಶಿಕ್ಷೆ ತಾನೇ ತಾನಾಗಿ ಬಂದೇ ಬರುತ್ತದೆಂದು ಎಳೆಯ ಮಕ್ಕಳು ನಂಬುತ್ತಾರೆಂದು ತೋರಿಸಿದನು. ಕೆಳಗಿನ ತರಗತಿಯ ಮಗುವಿಗೆ ಈ ಕಥೆ ಹಿಡಿಸುವುದು ಅದರಿಂದಲೇ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, "ಮೊಮ್ಮಕ್ಕಳಿಲ್ಲದ ಅಜ್ಜನ ಗತಿ ಏನು?" ಎಂದು ಕೇಳಬಹುದು. ಆ ಪ್ರಶ್ನೆಗೆ ಕಥೆಯಲ್ಲಿ ಉತ್ತರವಿಲ್ಲ. ಬಚ್ಚಿಟ್ಟ ಮುದುಕನ ಕಥೆಯಲ್ಲಿ ಸ್ವಲ್ಪ ಇದೆ: ಆ ಮಗನು ತಂದೆಯಿಂದ ಏನೂ ಪ್ರಯೋಜನವಿಲ್ಲದಿದ್ದಾಗಲೇ, ತನ್ನ ತಲೆಗೆ ಅಪಾಯವಿದ್ದಾಗಲೇ, ಅವನನ್ನು ಅಡಗಿಸಿಟ್ಟಿದ್ದನು. ಒಗಟು ಬಂದುದು ಅನಂತರ. ಕಥೆ ಹೇಳುವಾಗ ಈ ಕ್ರಮವನ್ನು ತಪ್ಪಿಸಬಾರದು. ಮುದುಕರು ಉಪಯೋಗಕ್ಕೆ ಬರುತ್ತಾರೆ, ಆದುದರಿಂದ ಸಾಕಬೇಕು ಎಂಬಂತೆ ಹೇಳಿದರೆ, ಮರೆವಿನ ರೋಗ ಬಂದು ಮೊಮ್ಮಗುವಿನ ಹೆಸರನ್ನೂ ಮರೆತ ಅಜ್ಜಿಗೆ ಅಲ್ಲಿ ಸ್ಥಳವಿರುವುದಿಲ್ಲ.

ಇನ್ನೊಂದು ತೊಡಕು ಸೊಸೆಯದು. ತಕ್ಕಲ ಜಾತಕದಲ್ಲಿ ಮಾವನನ್ನು ಕೊಲ್ಲಲು ಪ್ರೇರೇಪಿಸುವವಳು ಸೊಸೆ. ಗುಂಡಿ ತೋಡುವವನು ಮಗನಾದರೂ ಬೈಗುಳು ಅವಳಿಗೆ. ಹೆಚ್ಚಿನ ಪಾಠಾಂತರಗಳು ಹೀಗೆಯೇ. ತಂದೆಯ ಮೇಲಿನ ಪ್ರೀತಿಯನ್ನೂ ಬೇಸರವನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳಲಾರದ ಮಗನು ಬೇಸರದ ಪಾಲನ್ನು ಹೊರಗಿನಿಂದ ಬಂದವಳ ಹೆಗಲಿಗೇರಿಸುತ್ತಾನೆ. ಕಥೆ ಅದಕ್ಕೆ ಸಹಿ ಹಾಕುತ್ತದೆ. ವಾಸ್ತವದಲ್ಲಿ ಹಾಸಿಗೆ ಹಿಡಿದವರ ಬಟ್ಟೆ ಒಗೆಯುವವಳು, ಗಂಜಿ ಸೋಸಿ ಕುಡಿಸುವವಳು ಬಹುಪಾಲು ಸೊಸೆಯೇ. ಕನ್ನಡದ ಜನಪದ ಕಥೆಗಳಲ್ಲಿ ಇದಕ್ಕೆ ಎದುರಾದ ಒಂದು ಸೊಗಸಾದ ಕಥೆಯೂ ಇದೆ ಎಂಬುದನ್ನು ಮರೆಯಬಾರದು. ಅತ್ತೆಯನ್ನು ಕೇಳದೆ ಏನನ್ನೂ ಮಾಡಿ ಅಭ್ಯಾಸವಿಲ್ಲದ ಸೊಸೆಯೊಬ್ಬಳು ಅತ್ತೆ ತೀರಿಕೊಂಡ ಮೇಲೆ ಕುಂಬಾರನಿಂದ ಮಣ್ಣಿನ ಅತ್ತೆಯನ್ನು ಮಾಡಿಸಿಕೊಂಡು, ಅದರ ಅಪ್ಪಣೆ ಪಡೆದೇ ಅಕ್ಕಿ ಅಳೆಯುತ್ತಾಳೆ. ಊರು ನಗುತ್ತದೆ, ಗಂಡ ಮನೆಯಿಂದ ಹೊರಗಟ್ಟುತ್ತಾನೆ. ಕಾಡಿನಲ್ಲಿ ಮರವೇರಿ ಕುಳಿತವಳ ಕೈಯಿಂದ ಮಣ್ಣಿನ ಅತ್ತೆ ಜಾರಿ ಕೆಳಗೆ ಕಳ್ಳರ ನಡುವೆ ಬಿದ್ದು, ಅವರು ಗಂಟು ಬಿಟ್ಟು ಓಡುತ್ತಾರೆ. ಹಾಸ್ಯದ ಕಥೆಯೇ ಹೌದು; ಆದರೆ ಹಿರಿಯರ ಧ್ವನಿ ಅವರು ಹೋದ ಮೇಲೂ ಮನಸ್ಸಿನೊಳಗೆ ಉಳಿಯುವ ಬಗೆಯನ್ನು, ಅದು ಹೊರೆಯೂ ಆಗಿ ಆಸರೆಯೂ ಆಗುವ ಬಗೆಯನ್ನು, ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಪುರಾಣಗಳಲ್ಲಿ ವೃದ್ಧರು ಯಾವಾಗಲೂ ಅನ್ಯಾಯಕ್ಕೊಳಗಾದವರಲ್ಲ. ಯಯಾತಿಯು ಶುಕ್ರಾಚಾರ್ಯನ ಶಾಪದಿಂದ ಬಂದ ಮುಪ್ಪನ್ನು ಮಕ್ಕಳಿಗೆ ಕೊಟ್ಟು ಅವರ ಯೌವನವನ್ನು ಕೇಳುತ್ತಾನೆ. ನಾಲ್ವರು ಒಲ್ಲೆನೆಂದು ಶಪಿತರಾಗುತ್ತಾರೆ, ಪೂರು ಮಾತ್ರ ಕೊಡುತ್ತಾನೆ. ಗ್ರೀಕ್ ಪುರಾಣದಲ್ಲಿ ಮಗನು ತಂದೆಯನ್ನು ಕೊಂದರೆ, ಭಾರತದ ಪುರಾಣಗಳಲ್ಲಿ ತಂದೆಯೇ ಮಗನ ಆಯುಸ್ಸನ್ನೋ ಯೌವನವನ್ನೋ ತೆಗೆದುಕೊಳ್ಳುವ ಪ್ರಸಂಗಗಳು ಹೆಚ್ಚೆಂಬುದನ್ನು ಎ. ಕೆ. ರಾಮಾನುಜನ್ ತಮ್ಮ ಪ್ರಸಿದ್ಧ ಪ್ರಬಂಧವೊಂದರಲ್ಲಿ ಎತ್ತಿ ತೋರಿಸಿದರು. ಗಿರೀಶ್ ಕಾರ್ನಾಡರು 1961ರ 'ಯಯಾತಿ' ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಸೃಷ್ಟಿಸಿ, ಆ ತ್ಯಾಗದ ಬೆಲೆ ತೆತ್ತವರು ಯಾರೆಂಬುದನ್ನು ಕಾಣಿಸಿದರು.

ತುಳುನಾಡಿಗೆ ಇಂಥ ಒಂದು ಸ್ವಂತ ಪುರಾಣವಿದೆ. ಅಳಿಯಸಂತಾನ ಪದ್ಧತಿಯ ಮೂಲವನ್ನು ಹೇಳುವ ಭೂತಾಳ ಪಾಂಡ್ಯನ ಕಥೆ. ರಾಜ ದೇವಪಾಂಡ್ಯನಿಂದ ಕುಂಡೋದರನೆಂಬ ಭೂತರಾಜನು ನರಬಲಿಯನ್ನು ಬೇಡುತ್ತಾನೆ. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪುವುದಿಲ್ಲ. ತಂಗಿ ತನ್ನ ಮಗನನ್ನು ಕೊಡುತ್ತಾಳೆ. ಭೂತವು ಪ್ರಸನ್ನವಾಗಿ ಆ ಹುಡುಗನನ್ನು ಬದುಕಿಸುತ್ತದೆ. ಆಸ್ತಿ ಮಕ್ಕಳಿಗಲ್ಲ, ಸೋದರಳಿಯನಿಗೆ ಎಂಬ ಕಟ್ಟಳೆಯಾಗುತ್ತದೆ. ಇದನ್ನು ಸಾಮಾನ್ಯವಾಗಿ ಉತ್ತರಾಧಿಕಾರದ ಕಥೆಯೆಂದು ಓದುತ್ತಾರೆ. ಹಿರಿಯನ ಸಂಕಟಕ್ಕೆ ಕಿರಿಯರಲ್ಲಿ ಯಾರು ಹೆಗಲು ಕೊಡಬೇಕೆಂಬ ಕಥೆಯಾಗಿ ಓದಿದರೆ ಅದರ ಇನ್ನೊಂದು ಮುಖ ತೋರುತ್ತದೆ. ಕೊಡದ ಹೆಂಡತಿಯನ್ನು ಕಥೆ ನಿಷ್ಕರುಣವಾಗಿ ಕಾಣುತ್ತದೆ. ಮಕ್ಕಳನ್ನು ಬಲಿಗೊಡಲಾರೆನೆಂದ ತಾಯಿಯಲ್ಲಿ ತಪ್ಪೇನಿತ್ತೆಂದು ಇಂದಿನ ಓದುಗರು ಕೇಳಿದರೆ ಅದು ಅಧಿಕಪ್ರಸಂಗವಾಗದು. ಗೆರಟೆಯ ಕಥೆಯ ತಂದೆ, ಮಗ, ಮೊಮ್ಮಗ ಎಂಬ ಸರಣಿಯು ತಂದೆಯ ಕಡೆಯಿಂದ ವಂಶ ಎಣಿಸುವ ಮನೆಗಳದು. ತರವಾಡಿನಲ್ಲಿ ಮುದಿ ಯಜಮಾನನಿಗೆ ಗಂಜಿ ಬಡಿಸುವ ಹೊಣೆ ಸೋದರಳಿಯಂದಿರ ಮನೆಗೆ ಸೇರಿದ್ದಿತು. ದಕ್ಷಿಣ ಕನ್ನಡದೊಂದಿಗೆ ಕಾಸರಗೋಡು ಮದರಾಸು ಪ್ರಾಂತದಲ್ಲಿದ್ದಾಗ ಬಂದ 1949ರ ಅಳಿಯಸಂತಾನ ಕಾಯಿದೆ ಪಾಲಾಗುವ ಹಕ್ಕನ್ನು ಕೊಟ್ಟಿತು. ಕೇರಳದ 1975ರ ಕಾಯಿದೆಯು 1976ರ ದಶಂಬರ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ಕೊನೆಗೊಳಿಸಿತು. ಆಸ್ತಿಯ ಹಂಚಿಕೆಗೆ ಕಾನೂನು ದಾರಿ ಮಾಡಿತು. ದೊಡ್ಡಮನೆಯ ಮೂಲೆಯಲ್ಲಿದ್ದ ಅವಿವಾಹಿತ ಮಾವನೂ ವಿಧವೆ ದೊಡ್ಡಮ್ಮನೂ ಯಾರ ಪಾಲಿಗೆ ಎಂಬುದು ಮಾತ್ರ ದಾಖಲೆಯಲ್ಲಿ ಬರೆಯುವ ಸಂಗತಿಯಾಗಿರಲಿಲ್ಲ.

ಈ ನಾಡಿನಲ್ಲಿ ಹಿರಿಯರು ಸತ್ತ ಮೇಲೆ ಹೆಚ್ಚು ಬಲಶಾಲಿಗಳಾಗುತ್ತಾರೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವ ಕ್ರಮ ತುಳುವರಲ್ಲಿದೆ. ಮಲೆಯಾಳ ಭಾಷಿಕರು ಅದೇ ಮಳೆಗಾಲದ ಕರ್ಕಟಕದ ಅಮಾವಾಸ್ಯೆಯಂದು ಬಲಿ ಇಡುತ್ತಾರೆ. ತೀಯ ಸಮುದಾಯದವರು ವಯನಾಟ್ಟು ಕುಲವನ್ ತೆಯ್ಯವನ್ನು 'ತೊಂಡಚ್ಚನ್' ಎಂದು, ಅಂದರೆ ಹಿರಿಯಜ್ಜನೆಂದು, ಕರೆಯುತ್ತಾರೆ. ಆ ದೈವ ಕಣ್ಣು ಕಳೆದುಕೊಂಡ ಕಥೆಯುಳ್ಳದ್ದು. ಕೊರಗ ತನಿಯನ ವಿಷಯ ಇನ್ನೂ ವಿಶೇಷವಾದುದು. ತಬ್ಬಲಿಯಾಗಿ, ಮೈರಕ್ಕೆ ಬೈದೆತಿಯ ಆಸರೆಯಲ್ಲಿ ಬೆಳೆದ ಆ ಯುವಕ ಎಳೆಯ ಪ್ರಾಯದಲ್ಲೇ ಮಾಯವಾದವನು. ಮುಪ್ಪನ್ನು ಕಾಣಲೇ ಇಲ್ಲ. ಆದರೂ ಜನರು ಅವನನ್ನು ಅಜ್ಜನೆಂದೇ ಕರೆದು ಚಕ್ಕುಲಿ, ವೀಳ್ಯದೆಲೆ ಇಡುತ್ತಾರೆ. ಬದುಕಿನಲ್ಲಿ ಕೊಡದ ಗೌರವಕ್ಕೆ ಬದಲಾಗಿ ಸಮಾಜವು ಅವನಿಗೆ ಹಿರಿತನವನ್ನೇ ಕೊಟ್ಟಿತು. ಫ್ರಾಯ್ಡ್ 1913ರ ಗ್ರಂಥದಲ್ಲಿ, ಸತ್ತವರ ಮೇಲಿದ್ದ ಅಡಗಿದ ಮುನಿಸೇ ಅವರ ಪ್ರೇತದ ಮುನಿಸಾಗಿ ಬದುಕಿದವರಿಗೆ ಕಾಣುತ್ತದೆಂದನು. ಎಲ್ಲ ಆಚರಣೆಗಳನ್ನೂ ಅಪರಾಧಪ್ರಜ್ಞೆಗೆ ಇಳಿಸುವುದು ಸರಿಯಲ್ಲ. ಪ್ರೀತಿಯಿಂದ ಬಡಿಸುವವರೂ ಬಹಳ. ಆದರೆ ಬದುಕಿರುವಾಗ ಗಂಜಿ ಕೊಡದವರು ಸತ್ತ ಮೇಲೆ ಪಾಯಸ ಬಡಿಸಿದರೆಂಬ ಕುಹಕದ ಮಾತು ಹಳ್ಳಿಗಳಲ್ಲಿ ಇಲ್ಲದಿಲ್ಲ. ಆ ಮಾತನ್ನಾಡುವವರಿಗೆ ಫ್ರಾಯ್ಡನ ನೆರವು ಬೇಕಾಗಿಲ್ಲ.

ಮುದುಕರಿಗೆ ಬೇಕಾದುದು ಬಟ್ಟಲೊಂದೇ ಅಲ್ಲವೆಂಬುದನ್ನು ಎರಡು ಕಥೆಗಳು ನೆನಪಿಸುತ್ತವೆ. ತುಳುವಿನ ಸಿರಿ ಪಾಡ್ದನವು ಆರಂಭವಾಗುವುದು ಮಕ್ಕಳಿಲ್ಲದ ವೃದ್ಧ ಬೆರ್ಮು ಆಳ್ವನ ಒಂಟಿತನದಿಂದ. ಅವನ ಹಿರಿಯರ ಬೆರ್ಮರ ಗುಡಿ ಪಾಳುಬಿದ್ದಿದೆ. ಅವನ ಬಾಳೂ ಹಾಗೆಯೇ. ಗುಡಿಯನ್ನು ನೆನೆದ ಮೇಲೆ ಅಡಕೆಯ ಹಿಂಗಾರದಿಂದ ಸಿರಿ ಹುಟ್ಟಿ ಬರುತ್ತಾಳೆ. ಅವನು ಅವಳಿಗೆ ಅಜ್ಜನಾಗುತ್ತಾನೆ. ಫಿನ್ಲೆಂಡಿನ ಲೌರಿ ಹೊಂಕೊ ಈ ಮಹಾಕಾವ್ಯವನ್ನು ಗೋಪಾಲ ನಾಯ್ಕರ ಬಾಯಿಯಿಂದ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದುದರಿಂದ ಇಂದು ಅದು ಅಚ್ಚಿನಲ್ಲಿ ದೊರೆಯುತ್ತದೆ. ಇನ್ನೊಂದು, ರಾಮಾನುಜನ್ನರು ತಮ್ಮ ಭಾರತೀಯ ಜನಪದ ಕಥೆಗಳ ಸಂಗ್ರಹದಲ್ಲಿ ಸೇರಿಸಿದ ತಮಿಳು ಕಥೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು ಸೇರಿ ಗೋಳುಹೊಯ್ದುಕೊಳ್ಳುವ ವಿಧವೆಯೊಬ್ಬಳು ದುಃಖ ಹೇಳಿಕೊಳ್ಳಲು ಯಾರೂ ಇಲ್ಲದೆ ದಿನೇ ದಿನೇ ಊದಿಕೊಳ್ಳುತ್ತಾಳೆ. ಒಂದು ದಿನ ಮಾಡಿಲ್ಲದ ಪಾಳುಮನೆಯೊಂದನ್ನು ಹೊಕ್ಕು ನಾಲ್ಕು ಗೋಡೆಗಳಿಗೆ ನಾಲ್ವರ ಮೇಲಿನ ದೂರನ್ನೂ ಹೇಳುತ್ತಾಳೆ. ಒಂದೊಂದು ಗೋಡೆಯೂ ಕುಸಿಯುತ್ತದೆ; ಅವಳ ಮೈ ಹಗುರವಾಗುತ್ತದೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಮಕ್ಕಳು ತಿದ್ದಿಕೊಳ್ಳಲಿಲ್ಲ, ಸೊಸೆಯರು ಕ್ಷಮೆ ಕೇಳಲಿಲ್ಲ. ಮುದುಕಿಗೆ ಕೇಳುವ ಕಿವಿಯೊಂದು ದೊರಕಿತು, ಅದೂ ಗೋಡೆಯದು. ಬಟ್ಲರನು 1963ರಲ್ಲಿಯೇ, ಮುದುಕರು ಹಳೆಯದನ್ನೇ ಮತ್ತೆ ಮತ್ತೆ ಹೇಳುವುದು ಬುದ್ಧಿಯ ಸವಕಳಿಯಲ್ಲ, ಬಾಳಿನ ಲೆಕ್ಕವನ್ನು ಒಪ್ಪಮಾಡಿಕೊಳ್ಳುವ ಸಹಜ ಯತ್ನವೆಂದು ವಾದಿಸಿದ್ದನು.

ಕಾಸರಗೋಡಿನ ತರಗತಿಗೆ ಈ ಮಾತು ಇನ್ನೊಂದು ಕಾರಣದಿಂದ ಸಂಬಂಧಪಡುತ್ತದೆ. ಇಲ್ಲಿಯ ಅಜ್ಜಿಯೊಬ್ಬಳು ತುಳುವಿನಲ್ಲಿಯೋ, ಹವ್ಯಕ ಕನ್ನಡದಲ್ಲಿಯೋ, ಕೊಂಕಣಿಯಲ್ಲಿಯೋ, ಮರಾಟಿಯಲ್ಲಿಯೋ ತನ್ನ ಲೆಕ್ಕವನ್ನು ಹೇಳುತ್ತಾಳೆ. ಮೊಮ್ಮಗುವಿನ ಶಾಲೆಯ ಭಾಷೆ ಬೇರೆಯಾಗಿ, ಮನೆಯ ಮಾತು ಕ್ಷೀಣಿಸಿದಂತೆ, ಅವಳನ್ನು ಯಾವ ಬೆಟ್ಟಕ್ಕೂ ಹೊತ್ತೊಯ್ಯದೆಯೇ ಒಂಟಿಯಾಗಿಸಿದಂತಾಗುತ್ತದೆ. ಕನ್ನಡ ಪತ್ರಿಕೆಯನ್ನು ಓದಿ ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿಯದ ಮುದುಕರು ಈ ಜಿಲ್ಲೆಯಲ್ಲಿದ್ದಾರೆ. ಕೇರಳದ ಜನಸಂಖ್ಯೆಯಲ್ಲಿ ಅರುವತ್ತು ದಾಟಿದವರು 2011ರ ಜನಗಣತಿಯಂತೆಯೇ ಶೇಕಡಾ 12.6ರಷ್ಟು, ಭಾರತದ ಸರಾಸರಿ ಆಗ 8.6. ದುಡಿಯುವ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಮನೆಗಳಲ್ಲಿ ಗೆರಟೆಯ ಕಥೆಯ ಮಗನೇ ಸ್ಥಳದಲ್ಲಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯು ವೃದ್ಧರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆಯನ್ನೋ ಐದು ಸಾವಿರ ರೂಪಾಯಿವರೆಗೆ ದಂಡವನ್ನೋ ಎರಡನ್ನೂ ಕೂಡಿಯೋ ವಿಧಿಸುತ್ತದೆ. ಮೊಮ್ಮಗನು ಹೇಳುತ್ತಿದ್ದುದನ್ನು ಈಗ ಕಾಯಿದೆ ಹೇಳುತ್ತಿದೆ ಎನ್ನೋಣವೇ? ಹೇಳುವ ರೀತಿ ಮಾತ್ರ ಬೇರೆ.

ತರಗತಿಯಲ್ಲಿ ಈ ಕಥೆಗಳನ್ನು ಹೇಳುವಾಗ ಎಚ್ಚರ ಬೇಕಾದ ಸ್ಥಳಗಳಿವೆ. ಮೂವತ್ತು ಮಕ್ಕಳಲ್ಲಿ ಒಂದಿಬ್ಬರ ಮನೆಯಲ್ಲಿ ಅಜ್ಜ ನಿಜವಾಗಿಯೂ ಹೊರಜಗಲಿಯಲ್ಲಿರಬಹುದು. "ನಿಮ್ಮ ಮನೆಯಲ್ಲಿ ಅಜ್ಜನಿಗೆ ಯಾವುದರಲ್ಲಿ ಬಡಿಸುತ್ತಾರೆ?" ಎಂಬ ಪ್ರಶ್ನೆಯನ್ನು ಎಲ್ಲರೆದುರು ಕೇಳಕೂಡದು, ಆ ಮಗು ಸುಳ್ಳು ಹೇಳಬೇಕಾಗುತ್ತದೆ, ಅಥವಾ ತಂದೆತಾಯಿಯರನ್ನು ಒಪ್ಪಿಸಿಕೊಡಬೇಕಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದುದು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮುಂತಾದ ಪಂಚಾಯತುಗಳ 'ಎಂಡೋಸಲ್ಫಾನ್' ಬಾಧಿತ ಮನೆಗಳ ಸ್ಥಿತಿ. ಗೇರು ತೋಟಗಳ ಮೇಲೆ 2000ದವರೆಗೆ ವಿಮಾನದಿಂದ ಸಿಂಪಡಿಸಿದ ಆ ವಿಷದ ಬಳಿಕ ಹಾಸಿಗೆಯಲ್ಲೇ ಬೆಳೆದು ದೊಡ್ಡವರಾದ ಮಕ್ಕಳನ್ನು ಎತ್ತಿ ಉಣಿಸುತ್ತಿರುವವರು ಈಗ ವೃದ್ಧೆಯರಾಗಿರುವ ತಾಯಂದಿರು. ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ತನ್ನ ಕಾಲಾನಂತರ ಈ ಮಗುವನ್ನು ಯಾರು ನೋಡುವರೆಂಬ ಆ ತಾಯಿಯ ಪ್ರಶ್ನೆ ಗೆರಟೆಯ ಕಥೆಯ ಚೌಕಟ್ಟಿಗೆ ಹೊಂದುವುದಿಲ್ಲ. ಅಂಥ ಮನೆಯಿಂದ ಬರುವ ತಂಗಿಯೋ ತಮ್ಮನೋ ತರಗತಿಯಲ್ಲಿದ್ದರೆ, ಮುಪ್ಪೆಂದರೆ ಬಡಿಸಿಕೊಳ್ಳುವ ಕಾಲ ಎಂದು ಹೇಳುವ ಮೊದಲು ಅಧ್ಯಾಪಕರು ಒಂದು ಗಳಿಗೆ ನಿಲ್ಲಬೇಕು.

ಕಥೆಯನ್ನು ಹೇಳುವುದಕ್ಕಿಂತ ಸಂಗ್ರಹಿಸಲು ಕಳುಹಿಸುವುದು ಬಹಳ ಸಲ ಒಳ್ಳೆಯದು. ಮುದುಕರ ಕುರಿತ ಕಥೆಯನ್ನು ಮುದುಕರಿಂದಲೇ ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳಬಹುದು. ಯಾವ ಭಾಷೆಯಲ್ಲಿ ಹೇಳಿದರೋ ಅದೇ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ. ಹೇಳಿದವರು ಯಾವ ಊರಿನಲ್ಲಿ ಹುಟ್ಟಿದವರು, ಯಾರಿಂದ ಕೇಳಿದ್ದರು ಎಂಬ ಎರಡು ಸಾಲುಗಳೂ ಜತೆಗಿರಲಿ. ಎರಡು ಮಕ್ಕಳು ತಂದ ಒಂದೇ ಕಥೆಯಲ್ಲಿ ಒಂದೆಡೆ ಸೊಸೆ, ಇನ್ನೊಂದೆಡೆ ಮಗ ತಪ್ಪಿತಸ್ಥರಾಗಿದ್ದರೆ, ಹೇಳಿದವರು ಅಜ್ಜನೋ ಅಜ್ಜಿಯೋ ಎಂದು ನೋಡಿದರೆ ಚರ್ಚೆ ತಾನಾಗಿ ಹುಟ್ಟುತ್ತದೆ.

ಬಚ್ಚಿಟ್ಟ ಮುದುಕನ ಕಥೆಯ ಜಪಾನಿ ಪಾಠದಲ್ಲಿ ರಾಜನು ಬೂದಿಯಿಂದ ಹೊಸೆದ ಹಗ್ಗವನ್ನು ತರಬೇಕೆನ್ನುತ್ತಾನೆ. ಯುವಕರೆಲ್ಲರೂ ಬೂದಿಯನ್ನು ಹೊಸೆಯಲು ಹೋಗಿ ಸೋಲುತ್ತಾರೆ. ಮುದುಕನು ಹೇಳುವ ಉಪಾಯ ಸರಳವಾದುದು: ಮೊದಲು ಹಗ್ಗ ಹೊಸೆದು, ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿ, ಹಲಗೆಯ ಮೇಲೆ ಸುತ್ತಿಟ್ಟು ಸುಡಬೇಕು, ಎಳೆಗಳ ಆಕಾರ ಬೂದಿಯಲ್ಲಿ ಹಾಗೆಯೇ ನಿಲ್ಲುತ್ತದೆ. ಇದನ್ನು ಶಾಲೆಯ ಅಂಗಳದಲ್ಲಿ ಕಲ್ಲಿನ ಮೇಲೆ ಮಾಡಿ ನೋಡಬಹುದು. ಹಲಗೆಗಿಂತ ಕಲ್ಲು ವಾಸಿ, ಗಾಳಿಯಿಲ್ಲದ ಹೊತ್ತು ಬೇಕು, ಬೆಂಕಿ ಅಧ್ಯಾಪಕರ ಕೈಯಲ್ಲಿರಬೇಕು. ಅಂಗಡಿಯ ಪ್ಲಾಸ್ಟಿಕ್ ಹಗ್ಗ ಇದಕ್ಕೆ ಒದಗುವುದಿಲ್ಲ, ಅದು ಕರಗಿ ಮುದ್ದೆಯಾಗುತ್ತದೆ. ತೆಂಗಿನ ನಾರಿನಿಂದ ಕೈಯಲ್ಲೇ ಹೊಸೆದ ಹುರಿಯೇ ಆಗಬೇಕು. ಹೊಸೆಯಬಲ್ಲವರು ಯಾರಿದ್ದಾರೆಂದು ಹಿಂದಿನ ದಿನ ಮಕ್ಕಳು ಮನೆಯಲ್ಲಿ ವಿಚಾರಿಸಿಕೊಂಡು ಬರಲಿ.